ಟ್ಯಾಂಕಿನಲ್ಲಿ ಮೊದಲೇ ಇದ್ದವರು

ಮೀನಿನ ಅಂಗಡಿಯಲ್ಲಿ ಎಲ್ಲ ಮೀನುಗಳೂ ಹೆಚ್ಚು ಕಡಿಮೆ ಒಂದೇ ಸೈಜಿನಲ್ಲಿ ಕಾಣುತ್ತವೆ. ಗೋಲ್ಡ್ ಫಿಶ್ ಎರಡು ಇಂಚು, ಏಂಜೆಲ್ ಎರಡು ಇಂಚು, ಆಸ್ಕರ್ ಎರಡು ಇಂಚು, ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತಿರುವ ಸಕ್ಕರ್ ಕೂಡ ಎರಡೇ ಇಂಚು. ಒಂದೊಂದು ಬಣ್ಣದ್ದು ಎರಡೆರಡು ಕವರಿಗೆ ಹಾಕಿಸಿಕೊಂಡು ಬಂದರೆ ಅಕ್ವೇರಿಯಂ ರೆಡಿ ಅಂತ ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಅಲ್ಲಿರುವುದೆಲ್ಲ ಮರಿಗಳು. ಆಸ್ಕರ್ ಪೂರ್ತಿ ಬೆಳೆದರೆ ಒಂದು ಅಡಿ. ಸಕ್ಕರ್ ಒಂದು ಅಡಿಯನ್ನೂ ಮೀರುತ್ತದೆ. ಏಂಜೆಲ್ ಅಂಗೈಯಷ್ಟು ಅಗಲವಾಗುತ್ತದೆ. ನಿಯಾನ್ ಟೆಟ್ರಾ ಮಾತ್ರ ಒಂದೂವರೆ ಇಂಚಿಗೆ ನಿಂತುಬಿಡುತ್ತದೆ. ಬೆಳೆದ ಏಂಜೆಲ್‌ನ ಬಾಯಿಗೆ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಹಿಡಿಸುತ್ತದೆ. ಅಂಗಡಿಯಲ್ಲಿ ಒಟ್ಟಿಗೆ ಓಡಾಡಿಕೊಂಡಿದ್ದವು ಅಂದ ಮಾತ್ರಕ್ಕೆ ಮನೆಯಲ್ಲೂ ಒಟ್ಟಿಗೆ ಬಾಳುತ್ತವೆ ಅಂತ ಗ್ಯಾರಂಟಿ ಇಲ್ಲ.

ಕಾಲೇಜಿನ ಹಿಂದಿನ ಗೇಟಿನ ಹತ್ತಿರ ಬಾಡಿಗೆ ಮನೆ ಮಾಡಿಕೊಂಡಿರುವ ನಾವು ನಾಲ್ವರು ಹುಡುಗಿಯರು ಇದನ್ನೆಲ್ಲ ಓದಿ ತಿಳಿದುಕೊಳ್ಳಬೇಕಾಗಿ ಬಂದದ್ದು ಐದನೇ ಸೆಮ್ ಶುರುವಾಗುವಾಗ. ನಮಗಿಂತ ಮೊದಲು ಆ ಮನೆಯಲ್ಲಿದ್ದ ಸೀನಿಯರ್ ಅಕ್ಕಂದಿರು ಕೋರ್ಸ್ ಮುಗಿಸಿ ಹೋಗುವಾಗ ಒಂದು ಗ್ಯಾಸ್ ಸ್ಟೌವ್, ಎರಡು ಮಂಚ, ಕಪಾಟು ತುಂಬ ಜೆರಾಕ್ಸ್ ನೋಟ್ಸು, ಮತ್ತೆ ಹಾಲ್‌ನ ಗೋಡೆ ಪಕ್ಕ ಒಂದು ಅಕ್ವೇರಿಯಂ ಬಿಟ್ಟು ಹೋಗಿದ್ದರು. ಮನೆ ಖಾಲಿಯಿದ್ದ ಒಂದು ತಿಂಗಳು ಕೆಳಗಿನ ಮನೆಯ ಓನರ್ ಆಂಟಿಯೇ ದಿನಾ ಬಂದು ಒಂದು ಚಿಟಿಕೆ ಆಹಾರ ಹಾಕಿ, ಫಿಲ್ಟರ್ ಆಫ್ ಆಗದ ಹಾಗೆ ನೋಡಿಕೊಂಡಿದ್ದರು.

ಟ್ಯಾಂಕಿನಲ್ಲಿ ಇದ್ದದ್ದು ಮೂರೇ ಮೀನು. ಅಂಗಡಿಯವರು ಅದಕ್ಕೆ ವಿಡೋ ಟೆಟ್ರಾ ಅನ್ನುತ್ತಾರೆ. ಬೆಳ್ಳಿ ಮೈ, ಕಿವಿರಿನ ಹಿಂದೆ ಎರಡು ಕಪ್ಪು ಪಟ್ಟೆ, ಹಿಂಭಾಗವೆಲ್ಲ ಕಪ್ಪು, ಹೊಟ್ಟೆಯ ಕೆಳಗೆ ಲಂಗದ ಅಂಚಿನ ಥರ ಅಗಲವಾದ ಕಪ್ಪು ರೆಕ್ಕೆ. ಅಕ್ಕಂದಿರಿಗೆ ಮೆಸೇಜ್ ಮಾಡಿ ಕೇಳಿದಾಗ, ಮೊದಲು ಎಂಟಿದ್ದವು ಅಂದರು. ಉಳಿದ ಮೂರರಲ್ಲಿ ದೊಡ್ಡದೊಂದು ಬೆಳಗಿನಿಂದ ಸಂಜೆವರೆಗೆ ಚಿಕ್ಕದನ್ನು ಅಟ್ಟಿಸಿಕೊಂಡು ಹೋಗೋದೇ ಕೆಲಸ ಮಾಡಿಕೊಂಡಿತ್ತು. ಚಿಕ್ಕದರ ಬಾಲದ ತುದಿ ಹರಿದು ಜಾಲರಿಯಂತಾಗಿತ್ತು. ಆಹಾರ ಹಾಕಿದಾಗಲೂ ಅದು ಫಿಲ್ಟರಿನ ಹಿಂದಿನಿಂದ ಹೊರಗೆ ಬರುತ್ತಿರಲಿಲ್ಲ. ಮಧ್ಯದ್ದು ಯಾರ ತಂಟೆಗೂ ಹೋಗದೆ ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತಿತ್ತು.

ಟ್ಯಾಂಕ್ ಖಾಲಿ ಖಾಲಿ ಕಾಣ್ತಿದೆ, ಇನ್ನೊಂದಷ್ಟು ಮೀನು ತರೋಣ ಅನ್ನೋದರಲ್ಲಿ ನಾಲ್ವರಿಗೂ ಒಮ್ಮತ ಇತ್ತು. ಯಾವ ಮೀನು ಅನ್ನೋದರಲ್ಲಿ ನಾಲ್ಕು ಮತ. ಹಾಸನದವಳಿಗೆ ಗೋಲ್ಡ್ ಫಿಶ್ ಬೇಕು. ಚಿಕ್ಕಂದಿನಿಂದ ಆಸೆ, ಮನೆಯಲ್ಲಿ ಯಾವತ್ತೂ ಕೊಡಿಸಿರಲಿಲ್ಲ. ಗದಗದವಳಿಗೆ ಫೈಟರ್, ಅದೂ ಕಡು ನೀಲಿದೇ ಆಗಬೇಕು. ಕುಂದಾಪುರದವಳು ನಿಯಾನ್ ಟೆಟ್ರಾದ ವಿಡಿಯೋ ತೋರಿಸಿ, "ಲೈಟ್ ಆಫ್ ಮಾಡಿದ್ರೂ ಹೊಳೀತದೆ ಮಾರಾಯ್ತಿ" ಅಂದಳು. ತುಮಕೂರಿನವಳದು ಗಪ್ಪಿ. ಐದನೇ ಮತವೂ ಒಂದಿತ್ತು. ವಾಸ್ತು ಪ್ರಕಾರ ಎಂಟು ಕೆಂಪು, ಒಂದು ಕಪ್ಪು, ಒಟ್ಟು ಒಂಬತ್ತು ಗೋಲ್ಡ್ ಫಿಶ್ ಹಾಕಿದರೆ ನಿಮಗೆಲ್ಲ ಒಳ್ಳೇ ಕಡೆ ಪ್ಲೇಸ್‌ಮೆಂಟ್ ಆಗುತ್ತೆ ಅಂತ ಓನರ್ ಆಂಟಿ.

ಜಗಳ ಬೇಡ, ಲೆಕ್ಕ ಹಾಕೋಣ ಅಂತ ಹಳೇ ಗ್ರಾಫ್ ಶೀಟಿನ ಹಿಂದೆ ಒಂದು ಟೇಬಲ್ ಬರೆದುಕೊಂಡೆವು. ಯಾವುದು ಯಾವುದರ ಜೊತೆ ಕಚ್ಚಾಡುತ್ತದೆ ಅನ್ನೋ ಒಂದೇ ಕಾಲಂ ಸಾಕು ಅಂತ ಶುರು ಮಾಡಿದ್ದು, ಓದುತ್ತಾ ಹೋದಂತೆ ಅದು ಕೊನೆಯ ಕಾಲಂ ಆಗಿ, ಅದಕ್ಕಿಂತ ಮೊದಲು ಇನ್ನೂ ಮೂರು ಕಾಲಂ ಬಂದವು.

ಮೊದಲನೆಯದು ನೀರು. ಮೀನಿಗೆ ನೀರೆಂದರೆ ನಮಗೆ ಗಾಳಿ ಇದ್ದ ಹಾಗೆ ಮಾತ್ರ ಅಲ್ಲ. ಅದರ ಮೈಯ ಉಪ್ಪಿನಂಶದ ಬ್ಯಾಲೆನ್ಸೇ ಸುತ್ತಲಿನ ನೀರಿನ ಮೇಲೆ ನಿಂತಿದೆ. ನಮ್ಮ ಮನೆಯದು ಬೋರ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತದೆ, ಹೀಟರ್ ಕಾಯಿಲ್ ಆರು ತಿಂಗಳಿಗೆ ಕೈ ಕೊಡುತ್ತದೆ. ಗಡಸು ಅಂತ ಗೊತ್ತು, ಎಷ್ಟು ಗಡಸು? ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾವೆಲ್ಲ ಮಾಡಿರುವ ಇಡಿಟಿಎ ಟೈಟ್ರೇಷನ್ ನೆನಪಿದೆ ತಾನೇ? ವೈನ್ ಕೆಂಪಿನಿಂದ ನೀಲಿಗೆ ತಿರುಗುವ ಆ ಒಂದು ಹನಿಗಾಗಿ ಬ್ಯೂರೆಟ್ ಹಿಡಿದು ಕಾಯುತ್ತಿದ್ದೆವಲ್ಲ, ಅದೇ. ಆ ರೆಕಾರ್ಡ್ ಬರೆದ ಮೇಲೆ ಜೀವನದಲ್ಲಿ ಅದು ಮತ್ತೆ ಬೇಕಾಗುತ್ತದೆ ಅಂತ ನಮ್ಮಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಲ್ಯಾಬ್ ಸರ್ ಹತ್ತಿರ ಪರ್ಮಿಷನ್ ಕೇಳಿದಾಗ ಅವರು, ಯಾರ ಪ್ರಾಜೆಕ್ಟಮ್ಮ ಅಂದರು. ಮೀನಿಗೆ ಸರ್ ಅಂದೆವು. ನಕ್ಕರು, ಆದರೆ ಮೂರು ರೀಡಿಂಗ್ ಹೊಂದುವ ತನಕ ಬಿಡಲಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 340 ಪಿಪಿಎಂ ಬಂತು. ಮೀನು ಸಾಕುವವರು ಬಳಸುವ ಜರ್ಮನ್ ಡಿಗ್ರಿಯಲ್ಲಿ ಹೇಳಿದರೆ ಸುಮಾರು 19. ಪಿಎಚ್ ಎಂಟರ ಹತ್ತಿರ.

ಈ ಒಂದು ನಂಬರಿಗೆ ನಿಯಾನ್ ಟೆಟ್ರಾ ಟೇಬಲ್ಲಿನಿಂದ ಬಿದ್ದುಹೋಯಿತು. ಅದು ಅಮೆಜಾನ್ ಕಡೆಯ ಮೀನು. ಅದರ ತವರಿನಲ್ಲಿ ನೀರು ಮೆದು, ಸ್ವಲ್ಪ ಹುಳಿ, ಎಲೆ ಕೊಳೆತು ಕಂದಾಗಿರುತ್ತದೆ. ಈಗ ಮಾರಾಟಕ್ಕೆ ಬರುವುದು ಹೆಚ್ಚಾಗಿ ಫಾರ್ಮಿನಲ್ಲಿ ಬೆಳೆಸಿದ್ದು, ಸ್ವಲ್ಪ ಹೆಚ್ಚು ಕಡಿಮೆ ಆದರೆ ತಡೆದುಕೊಳ್ಳುತ್ತದೆ ಅನ್ನುವುದು ನಿಜ. 340 ಅನ್ನುವುದು ಸ್ವಲ್ಪ ಹೆಚ್ಚು ಕಡಿಮೆ ಅಲ್ಲ. ಕುಂದಾಪುರದವಳು ಆರ್‌ಓ ನೀರು ಬೆರೆಸಬಹುದಲ್ಲ ಅಂತ ಕೇಳಿದಳು. ಬೆರೆಸಬಹುದು. ಆದರೆ ಪ್ರತಿ ವಾರ ನೀರು ಬದಲಿಸುವಾಗಲೂ ಅದೇ ಅಳತೆಯಲ್ಲಿ ಬೆರೆಸಬೇಕು, ಒಂದು ವಾರ ತಪ್ಪಿದರೂ ನೀರು ಏರುಪೇರು. ನಮಗೆ ಕುಡಿಯೋಕೆ ಬೇಕಾದ 20 ಲೀಟರ್ ಕ್ಯಾನನ್ನೇ ಮೆಟ್ಟಿಲು ಹತ್ತಿಸಿ ತರೋದು ಯಾರ ಪಾಳಿ ಅಂತ ದಿನಾ ಚರ್ಚೆ. ಏಪ್ರಿಲ್ ಬಂದರೆ ನಮ್ಮ ಬೀದಿಗೆ ಟ್ಯಾಂಕರ್ ನೀರೇ ಗತಿ. ಮೀನಿಗೆ ಹೊಂದುವ ನೀರು ತಯಾರು ಮಾಡುವುದಕ್ಕಿಂತ, ಬರುವ ನೀರಿಗೆ ಹೊಂದುವ ಮೀನು ಹುಡುಕುವುದು ಜಾಣತನ ಅಂತ ಅವಳೇ ಒಪ್ಪಿಕೊಂಡಳು. ಕಾರ್ಪೊರೇಷನ್ ನೀರು ಬರುವ ಮನೆಯವರಿಗೆ ಉತ್ತರ ಬೇರೆ ಇರಬಹುದು. ಅಲ್ಲಿ ಗಡಸುತನ ಸಾಮಾನ್ಯವಾಗಿ ಕಡಿಮೆ, ಆದರೆ ಕ್ಲೋರಿನ್ ಇರುತ್ತದೆ, ಆಂಟಿ-ಕ್ಲೋರಿನ್ ಹನಿ ಹಾಕದೆ ಬಿಟ್ಟರೆ ಮೀನಿನ ಕಿವಿರು ಸುಡುತ್ತದೆ.

ಎರಡನೆಯ ಕಾಲಂ ಜಾಗ. ನಮ್ಮ ಟ್ಯಾಂಕ್ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಒಂದು ಘನ ಅಡಿಗೆ 28.3 ಲೀಟರ್, ಅಂದರೆ ಒಟ್ಟು 56 ಲೀಟರ್ ಚಿಲ್ಲರೆ. ಕೆಳಗಿನ ಕಲ್ಲು, ಮೇಲೆ ಬಿಟ್ಟ ಎರಡು ಇಂಚು ಕಳೆದರೆ ನಿಜವಾಗಿ ಇರುವ ನೀರು 45 ಲೀಟರ್. ಒಂದು ಗ್ಯಾಲನ್ನಿಗೆ ಒಂದು ಇಂಚು ಮೀನು ಅನ್ನುವ ಹಳೇ ಲೆಕ್ಕವೊಂದು ಎಲ್ಲ ಕಡೆ ಸಿಗುತ್ತದೆ. 45 ಲೀಟರ್ ಅಂದರೆ ಸುಮಾರು 12 ಗ್ಯಾಲನ್, ಹಾಗಾಗಿ 12 ಇಂಚು ಮೀನು. ಚಿಕ್ಕ ಮೀನುಗಳಿಗೆ ಇದು ಅಂದಾಜಿಗೆ ಪರವಾಗಿಲ್ಲ. ದೊಡ್ಡದಕ್ಕೆ ಪೂರ್ತಿ ಸುಳ್ಳು. ಒಂದು ಇಂಚಿನ ಹತ್ತು ಮೀನೂ ಹತ್ತು ಇಂಚೇ, ಹತ್ತು ಇಂಚಿನ ಒಂದು ಮೀನೂ ಹತ್ತು ಇಂಚೇ. ಆದರೆ ಉದ್ದ ಹತ್ತು ಪಟ್ಟಾದರೆ ತೂಕ ಹೆಚ್ಚು ಕಡಿಮೆ ಸಾವಿರ ಪಟ್ಟಾಗುತ್ತದೆ. ತಿನ್ನುವುದೂ, ಗಲೀಜು ಮಾಡುವುದೂ ತೂಕದ ಲೆಕ್ಕದಲ್ಲೇ ಹೊರತು ಉದ್ದದ ಲೆಕ್ಕದಲ್ಲಲ್ಲ.

ಗೋಲ್ಡ್ ಫಿಶ್ ಬಿದ್ದದ್ದು ಈ ಕಾಲಂನಲ್ಲಿ. ಗಡಸು ನೀರು ಅದಕ್ಕೆ ತೊಂದರೆಯೇ ಅಲ್ಲ. ಆದರೆ ಅದು ಕಾರ್ಪ್ ಜಾತಿಯ ಮೀನು, ಕೆರೆಯ ಗೆಂಡೆಯ ನೆಂಟ. ಗುಂಡು ಹೊಟ್ಟೆಯ ಅಲಂಕಾರದ ತಳಿಗಳೇ ಆರು ಎಂಟು ಇಂಚು ಬೆಳೆಯುತ್ತವೆ, ಉದ್ದ ಮೈಯವು ಇನ್ನೂ ಹೆಚ್ಚು. ಸಿನಿಮಾದಲ್ಲಿ ತೋರಿಸುವ ಗಾಜಿನ ಬೌಲಿನಲ್ಲಿ ಅದು ಚಿಕ್ಕದಾಗೇ ಉಳಿಯುತ್ತದೆ ಅಂದರೆ ಬೆಳವಣಿಗೆ ಕುಗ್ಗಿದೆ ಅಂತ ಅರ್ಥ, ಬೌಲಿಗೆ ಒಗ್ಗಿದೆ ಅಂತ ಅಲ್ಲ. ಒಂದಕ್ಕೇ ಜಾಗ ಸಾಲದು, ಆಂಟಿ ಹೇಳಿದ ಒಂಬತ್ತು ಎಲ್ಲಿಂದ? ಇನ್ನೊಂದು ವಿಷಯ ಹಾಸನದವಳಿಗೇ ಮೊದಲು ಹೊಳೆದದ್ದು. ಚೆನ್ನಾಗಿ ನೋಡಿಕೊಂಡರೆ ಗೋಲ್ಡ್ ಫಿಶ್ ಹತ್ತು ಹದಿನೈದು ವರ್ಷ ಬದುಕುತ್ತದೆ. "ನಮ್ಮ ಡಿಗ್ರಿ ಇರೋದೇ ನಾಲ್ಕು ವರ್ಷ ಕಣ್ರೇ" ಅಂದಳು. ಟೇಬಲ್ಲಿನಲ್ಲಿ ಗೋಲ್ಡ್ ಫಿಶ್ ಹೆಸರಿನ ಮೇಲೆ ಗೆರೆ ಎಳೆದದ್ದು ಅವಳೇ. ಆಮೇಲೆ ಸ್ವಲ್ಪ ಹೊತ್ತು ಯಾರ ಜೊತೆಗೂ ಮಾತಾಡಲಿಲ್ಲ.

ಮೂರನೆಯ ಕಾಲಂ ಕಣ್ಣಿಗೆ ಕಾಣುವುದಿಲ್ಲ. ಮೀನು ಅಮೋನಿಯಾವನ್ನು ಕಿವಿರಿನಿಂದಲೇ ಹೊರಗೆ ಬಿಡುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ಬೆಳೆದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಮೂರನೆಯದು ವಾರಕ್ಕೊಮ್ಮೆ ನೀರು ಬದಲಿಸುವ ತನಕ ಕಾಯುತ್ತದೆ. ಹೊಸ ಟ್ಯಾಂಕಿನಲ್ಲಿ ಈ ವ್ಯವಸ್ಥೆ ಕೂರೋದಕ್ಕೆ ನಾಲ್ಕರಿಂದ ಆರು ವಾರ ಬೇಕು. ನೀರು ತುಂಬಿಸಿದ ದಿನವೇ ಹತ್ತು ಮೀನು ಬಿಟ್ಟರೆ ವಾರದಲ್ಲಿ ತೇಲುವುದು ಇದಕ್ಕೇ. ಅಲ್ಲಿ ಯಾವ ಮೀನು ಯಾವುದಕ್ಕೆ ಹೊಂದುತ್ತದೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಆಂಟಿಯ ಪುಣ್ಯದಿಂದ ನಮ್ಮ ಫಿಲ್ಟರ್ ಒಂದು ದಿನವೂ ನಿಂತಿರಲಿಲ್ಲ, ಬ್ಯಾಕ್ಟೀರಿಯಾ ಬದುಕಿದ್ದವು. ಆದರೆ ಅವು ಮೂರು ಮೀನಿನ ಲೋಡಿಗೆ ತಕ್ಕಷ್ಟೇ ಇದ್ದವು. ಜೊತೆಗೆ ನಮ್ಮ ಪಿಎಚ್‌ನ ತೊಂದರೆ ಬೇರೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಅಷ್ಟೇನೂ ಕಾಡದ ಅಮೋನಿಯಂ, ಮತ್ತೆ ವಿಷದ ಅಮೋನಿಯಾ. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದಾಗ ವಿಷದ ರೂಪದ ಪಾಲು ನೂರಕ್ಕೆ ಅರ್ಧಕ್ಕಿಂತ ಚೂರು ಹೆಚ್ಚು, 8 ಆದಾಗ ನೂರಕ್ಕೆ ಐದು. ಅದೇ ಗಲೀಜು, ಒಂಬತ್ತು ಪಟ್ಟು ವಿಷ. ಅಂದರೆ ಏನೇ ತಂದರೂ ಸ್ವಲ್ಪವೇ ತರಬೇಕು, ನಿಧಾನಕ್ಕೆ ಬಿಡಬೇಕು.

ಈ ಮೂರೂ ಕಾಲಂ ದಾಟಿ ಉಳಿದದ್ದು ಫೈಟರ್ ಮತ್ತು ಗಪ್ಪಿ. ಈಗ ಕೊನೆಯ ಕಾಲಂ, ಸ್ವಭಾವ.

ಫೈಟರಿನ ಹೆಸರೇ ಎಲ್ಲ ಹೇಳುತ್ತದೆ. ಎರಡು ಗಂಡು ಒಂದೇ ಟ್ಯಾಂಕಿನಲ್ಲಿದ್ದರೆ ಒಂದು ಸಾಯುವ ತನಕ ಬಿಡುವುದಿಲ್ಲ. ಆದರೆ ನಮ್ಮ ಟ್ಯಾಂಕಿನಲ್ಲಿ ಆಗುತ್ತಿದ್ದದ್ದು ಅದರ ಉಲ್ಟಾ. ವಿಡೋ ಟೆಟ್ರಾಕ್ಕೆ ಒಂದು ಕೆಟ್ಟ ಅಭ್ಯಾಸ ಇದೆ. ಉದ್ದ ಬಾಲ, ಜೋತಾಡುವ ರೆಕ್ಕೆ ಕಂಡರೆ ಹೋಗಿ ಕಚ್ಚಿ ಎಳೆಯುತ್ತದೆ. ಫೈಟರಿಗೆ ಇರುವುದೇ ಸೆರಗಿನಂಥ ರೆಕ್ಕೆ. ಅದು ನಿಧಾನಕ್ಕೆ ಈಜುವ ಪ್ರಾಣಿ, ಓಡಿ ತಪ್ಪಿಸಿಕೊಳ್ಳಲಾರದು. ಗದಗದವಳು ತುಂಬ ಹೊತ್ತು ಯೋಚಿಸಿ, "ಅದು ಒಬ್ಬನ ಇರೋ ಪ್ರಾಣಿ, ಇವುಕರ ಗುಂಪು ಬೇಕು. ಸುಮ್ನ ಯಾಕ ಕಟ್ಟಿ ಹಾಕೂದು?" ಅಂದಳು.

ಉಳಿದದ್ದು ಗಪ್ಪಿ. ತುಮಕೂರಿನವಳ ವಾದ ಗಟ್ಟಿಯಾಗಿತ್ತು. ಗಪ್ಪಿಗೆ ಗಡಸು ನೀರೇ ಇಷ್ಟ. ಪಿಎಚ್ ಎಂಟಾದರೂ ಆರಾಮ. ಎರಡು ಇಂಚು ದಾಟುವುದಿಲ್ಲ. ಹೆಣ್ಣು ಹಾಕಿದರೆ ಹೆಚ್ಚು ಕಡಿಮೆ ತಿಂಗಳಿಗೊಂದು ಸಲ ಹತ್ತಿಪ್ಪತ್ತು ಮರಿ ಹಾಕುತ್ತದೆ, ಆದ್ದರಿಂದ ಗಂಡು ಮಾತ್ರ ಹಾಕೋಣ, ಬಣ್ಣವೂ ಅವಕ್ಕೇ ಜಾಸ್ತಿ. ನೀರು, ಜಾಗ, ಲೋಡು, ಮೂರಕ್ಕೂ ಫುಲ್ ಮಾರ್ಕ್ಸ್. ಅಡ್ಡಿ ಒಂದೇ. ಗಂಡು ಗಪ್ಪಿಯ ಬಾಲ ಬೀಸಣಿಗೆಯ ಹಾಗಿರುತ್ತದೆ, ನಮ್ಮ ದೊಡ್ಡ ವಿಡೋ ಅದನ್ನು ಒಂದು ವಾರವೂ ಉಳಿಸುವುದಿಲ್ಲ. ಹಾಗಾದರೆ ಆ ಮೂರನ್ನು ವಾಪಸ್ ಕೊಟ್ಟು, ಹೊಸದಾಗಿ ಶುರು ಮಾಡಿದರೆ?

ಕೇಳುವುದಕ್ಕೇನು ಅಂತ ಅಂಗಡಿಗೆ ಹೋದೆವು. ಅಂಗಡಿಯಣ್ಣ ಆಗಬಹುದು ಅಂದ. ಮೂರೂ ತಂದುಕೊಡಿ, ಗಪ್ಪಿಯಲ್ಲಿ ಸ್ವಲ್ಪ ಕಡಿಮೆ ಮಾಡಿಕೊಡ್ತೀನಿ. ಆಮೇಲೆ ಇವನ್ನ ಯಾರಿಗೆ ಮಾರ್ತೀರಾ ಅಂತ ಕೇಳಿದೆವು. ಅವನು ಮುಚ್ಚುಮರೆ ಮಾಡಲಿಲ್ಲ. "ರೆಕ್ಕೆ ಹರಿದಿರೋ ಹಳೇ ಮೀನು ಯಾರ್ ತಗೊಳ್ತಾರೆ ಮೇಡಂ? ದೊಡ್ಡ ಮೀನಿಗೆ ಹಾಕ್ತೀವಿ" ಅಂತ ಹಿಂದಿನ ಸಾಲಿನ ಟ್ಯಾಂಕಿನ ಕಡೆ ಕೈ ತೋರಿಸಿದ. ಅಲ್ಲಿ ಒಂದು ಆಸ್ಕರ್ ಗಾಜಿನ ಹತ್ತಿರ ಬಂದು ನಮ್ಮನ್ನೇ ನೋಡುತ್ತಿತ್ತು.

ಆ ರಾತ್ರಿ ಮನೆಯಲ್ಲಿ ನಡೆದ ಚರ್ಚೆಯನ್ನು ಇಲ್ಲಿ ಸರಿಯಾಗೇ ಬರೆಯಬೇಕು, ಯಾಕೆಂದರೆ ಎರಡೂ ಕಡೆ ನ್ಯಾಯ ಇತ್ತು. ತುಮಕೂರಿನವಳು ಹೇಳಿದ್ದು ಹೀಗೆ: ನಾವು ಚಿಕನ್ ತಿನ್ನೋರು, ಆಸ್ಕರ್ ಮೀನು ತಿನ್ನುತ್ತೆ, ಇದರಲ್ಲಿ ಅಳೋದೇನಿದೆ? ಅದೂ ಅಲ್ಲದೆ ಈಗ ಆ ಮೂರು ಸುಖವಾಗೇನೂ ಇಲ್ಲ, ಒಂದು ದಿನಾ ಒದೆ ತಿಂತಿದೆ. ನಮ್ಮ ನೀರಿಗೆ ನೂರಕ್ಕೆ ನೂರು ಸರಿಹೊಂದುವ ಮೀನು ಗಪ್ಪಿ ಅಂತ ನಾವೇ ಲೆಕ್ಕ ಹಾಕಿದ್ದೀವಿ. ಲೆಕ್ಕ ಬಂದ ಮೇಲೆ ಉತ್ತರ ಇಷ್ಟ ಇಲ್ಲ ಅಂದ್ರೆ ಹೇಗೆ? ಇದಕ್ಕೆ ನಮ್ಮಲ್ಲಿ ಮೂವರ ಹತ್ತಿರವೂ ತಕ್ಷಣಕ್ಕೆ ಉತ್ತರ ಇರಲಿಲ್ಲ. ಕೊನೆಗೆ ಗದಗದವಳು, "ಲೆಕ್ಕ ಬರೋಬ್ಬರಿ ಐತಿ. ಆದ್ರ ಅವು ಮೊದಲಿಂದ ಇಲ್ಲೇ ಅದಾವಲೇ. ನಾವ ಆಮ್ಯಾಲ ಬಂದೇವಿ" ಅಂದಳು.

ಅಲ್ಲಿಂದ ಪ್ರಶ್ನೆಯೇ ಬದಲಾಯಿತು. ನಮಗೆ ಯಾವ ಮೀನು ಬೇಕು ಅಂತ ಕೇಳುತ್ತಾ ಬಂದಿದ್ದೆವು, ಈ ಮೂರಕ್ಕೆ ಏನು ಬೇಕು ಅಂತ ಕೇಳಿದಾಗ ಉತ್ತರ ಹುಡುಕುವುದೇ ಬೇಕಿರಲಿಲ್ಲ. ವಿಡೋ ಟೆಟ್ರಾ ದಕ್ಷಿಣ ಅಮೆರಿಕದ ಪರಾಗ್ವೆ ನದಿಯ ಕಡೆಯದು, ಗುಂಪಿನಲ್ಲಿ ಬದುಕುವ ಮೀನು. ಹಲವು ತಲೆಮಾರಿನಿಂದ ಫಾರ್ಮಿನಲ್ಲಿ ಬೆಳೆದು ಗಡಸು ನೀರಿಗೂ ಒಗ್ಗಿದೆ. ನಮ್ಮ 19 ಡಿಗ್ರಿ ಅದರ ಮಿತಿಯ ಅಂಚಿನಲ್ಲಿದೆ, ಆಚೆಗಲ್ಲ. ಗುಂಪಿನಲ್ಲಿ ಕಡಿಮೆ ಅಂದರೂ ಆರು ಇರಬೇಕು. ಗುಂಪಿನಲ್ಲಿ ಯಾರು ಮೇಲು ಯಾರು ಕೆಳಗೆ ಅಂತ ಅವು ದಿನಾ ಒಂದಿಷ್ಟು ತಳ್ಳಾಡುತ್ತವೆ. ಆರು ಇದ್ದರೆ ಆ ತಳ್ಳಾಟ ಆರಕ್ಕೂ ಹಂಚಿಹೋಗುತ್ತದೆ. ಮೂರೇ ಇದ್ದರೆ ಎಲ್ಲವೂ ಒಂದರ ಮೇಲೇ ಬೀಳುತ್ತದೆ. ಬೇರೆ ಜಾತಿಯ ಮೀನಿನ ಬಾಲ ಕಚ್ಚುವ ಚಟವೂ ಗುಂಪು ಚಿಕ್ಕದಾದಷ್ಟೂ ಜಾಸ್ತಿ. ನಮ್ಮ ದೊಡ್ಡ ವಿಡೋ ದುಷ್ಟ ಅಂತ ನಾವೆಲ್ಲ ಅದಕ್ಕೆ ಒಂದೊಂದು ವಿಲನ್ ಹೆಸರು ಇಟ್ಟಿದ್ದೆವು. ನಿಜ ಹೇಳಬೇಕೆಂದರೆ ಅದಕ್ಕೆ ಜನ ಸಾಲದಾಗಿತ್ತು ಅಷ್ಟೇ.

ಆರು ವಿಡೋ, ಒಂದೊಂದು ಎರಡು ಇಂಚು, ಒಟ್ಟು 12 ಇಂಚು. 12 ಗ್ಯಾಲನ್. ಟ್ಯಾಂಕ್ ಅಲ್ಲಿಗೆ ಫುಲ್. ಕೆಳಗೆ ಓಡಾಡಲು ಕೋರಿ ಹಾಕಬಹುದಲ್ಲ ಅಂತ ಒಂದು ಮಾತು ಬಂತು. ಅವಕ್ಕೂ ಗುಂಪು ಬೇಕು, ಮೀಸೆಯಿಂದ ನೆಲ ಕೆದಕಿ ತಿನ್ನುವುದರಿಂದ ನುಣುಪು ಮರಳು ಬೇಕು. ನಮ್ಮದು ಚೂಪು ಜಲ್ಲಿ. ಪಾಚಿ ತಿನ್ನಲಿ ಅಂತ ಸಕ್ಕರ್? ಮೊದಲ ಪ್ಯಾರಾದಲ್ಲೇ ಹೇಳಿದ್ದೇವೆ, ಒಂದು ಅಡಿ. ಪಾಚಿ ಒರೆಸೋಕೆ ಒಂದು ಸ್ಪಂಜು, ನಾಲ್ಕು ಜನರ ಎಂಟು ಕೈ ಇದೆ. ಹೀಗೆ ಎರಡು ವಾರ ಓದಿ, ಟೈಟ್ರೇಷನ್ ಮಾಡಿ, ಟೇಬಲ್ ಬರೆದು, ನಾಲ್ವರ ನಾಲ್ಕು ಆಸೆಯನ್ನೂ ಬಿಟ್ಟು ಕೊನೆಗೆ ತರುವುದೇನು ಅಂದರೆ ಮನೆಯಲ್ಲಿ ಆಗಲೇ ಇರುವ ಮೀನೇ. ತುಮಕೂರಿನವಳು ನಕ್ಕು ಕೈ ಎತ್ತಿದಳು. ನಾಲ್ಕಕ್ಕೆ ನಾಲ್ಕು ವೋಟು.

ನಾಲ್ಕು ವಿಡೋ ತಂದೆವು, ಒಂದು ಹೆಚ್ಚುವರಿ. ಆರಿಸುವಾಗ ಗಾಜಿನ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದೆವು: ರೆಕ್ಕೆ ಬಿಚ್ಚಿ ಈಜುವವು, ಹೊಟ್ಟೆ ಒಳಗೆ ಹೋಗದವು, ಆಹಾರ ಹಾಕಿದರೆ ಓಡಿ ಬರುವವು. ಸೀದಾ ಟ್ಯಾಂಕಿಗೆ ಬಿಡದೆ 20 ಲೀಟರ್ ಟಬ್ಬಿನಲ್ಲಿ ಒಂದು ಸ್ಪಂಜ್ ಫಿಲ್ಟರ್ ಹಾಕಿ ಎರಡು ವಾರ ಬೇರೆ ಇಟ್ಟೆವು. 2020ರಲ್ಲಿ ಮನೆಯಲ್ಲಿ ಕೂತ ನಮ್ಮ ಬ್ಯಾಚಿಗೆ ಕ್ವಾರಂಟೈನ್ ಪದದ ಅರ್ಥ ಹೇಳಬೇಕಾಗಿಲ್ಲ. ಐದನೇ ದಿನ ಒಂದರ ರೆಕ್ಕೆಯ ಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕಿ ಕಂಡವು. ವೈಟ್ ಸ್ಪಾಟ್ ಅನ್ನುವ ಪರಾವಲಂಬಿ ರೋಗ ಅದು. ಚುಕ್ಕಿಯಾಗಿ ಮೈಮೇಲಿರುವಾಗ ಅದಕ್ಕೆ ಔಷಧಿ ತಟ್ಟುವುದಿಲ್ಲ. ಅದು ಉದುರಿ, ತಳದಲ್ಲಿ ಒಡೆದು ನೂರಾರಾಗಿ, ಹೊಸ ಮೀನು ಹುಡುಕುತ್ತಾ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಅದಕ್ಕೇ ಹೀಟರಿನಿಂದ ನೀರನ್ನು 30 ಡಿಗ್ರಿಗೆ ಏರಿಸುವುದು. ಬಿಸಿಯಲ್ಲಿ ಅದರ ಚಕ್ರ ಬೇಗ ತಿರುಗುತ್ತದೆ, ಔಷಧಿಗೆ ಬೇಗ ಸಿಗುತ್ತದೆ. ಇಂಟರ್ನಲ್ಸ್ ನಡುವೆ ಪಾಳಿ ಹಾಕಿಕೊಂಡು ಹತ್ತು ದಿನ ನೀರು ಬದಲಿಸಿ ಔಷಧಿ ಹಾಕಿದೆವು. ಮೂರು ಉಳಿದವು. ಒಂದು ಏಳನೇ ದಿನ ಬೆಳಗ್ಗೆ ತಳದಲ್ಲಿ ಮಲಗಿತ್ತು. ಹಿತ್ತಲಿನ ದಾಸವಾಳದ ಬುಡದಲ್ಲಿ ಮಣ್ಣು ಮಾಡಿದವಳು ಯಾರು ಗೊತ್ತೇ? ಚಿಕನ್ ತಿನ್ನೋರು ಅಳೋದೇನಿದೆ ಅಂದವಳೇ.

ಕೊನೆಯ ಚುಕ್ಕಿ ಹೋದ ಮೇಲೂ ಇನ್ನೆರಡು ವಾರ ಕಾದು, ಮೂರನ್ನೂ ಒಂದು ರಾತ್ರಿ ಲೈಟ್ ಆರಿಸಿ ಟ್ಯಾಂಕಿಗೆ ಬಿಟ್ಟೆವು. ಕತ್ತಲಲ್ಲಿ ಬಿಟ್ಟರೆ ಜಗಳ ಕಡಿಮೆ. ಮುಂಚೆ ಕಲ್ಲು, ಗಿಡದ ಜಾಗವನ್ನೂ ಬದಲಿಸಿದ್ದೆವು, ಹಳಬರಿಗೆ ಇದು ನನ್ನ ಮೂಲೆ ಅನ್ನುವ ಹಕ್ಕು ಉಳಿಯದ ಹಾಗೆ. ಮೊದಲ ವಾರ ದಿನಾ ಅಮೋನಿಯಾ ಟೆಸ್ಟ್. ಒಂದು ದಿನ ಕಿಟ್ಟಿನ ನೀರು ಸ್ವಲ್ಪ ಹಸಿರಿಗೆ ತಿರುಗಿತು, ಆವತ್ತೇ ಕಾಲು ಭಾಗ ನೀರು ಬದಲಿಸಿದೆವು. ಆಮೇಲೆ ಹಳದಿಯಲ್ಲೇ ನಿಂತಿತು.

ದೊಡ್ಡದು ಎರಡು ದಿನ ಎಲ್ಲರನ್ನೂ ಅಟ್ಟಿತು. ಐದು ಮೀನನ್ನು ಒಟ್ಟಿಗೆ ಅಟ್ಟುವುದು ಸುಲಭ ಅಲ್ಲ. ಒಂದರ ಹಿಂದೆ ಹೋದರೆ ನಾಲ್ಕು ಆಹಾರದ ಹತ್ತಿರ ಇರುತ್ತವೆ. ಮೂರನೇ ದಿನ ಅದೂ ಆಹಾರದ ಹತ್ತಿರವೇ ಬಂತು. ಚಿಕ್ಕದು ಫಿಲ್ಟರಿನ ಹಿಂದಿನಿಂದ ಹೊರಗೆ ಬರಲು ಒಂಬತ್ತು ದಿನ ತೆಗೆದುಕೊಂಡಿತು. ಒಂದೂವರೆ ತಿಂಗಳಲ್ಲಿ ಬಾಲದ ಹರಿದ ಜಾಗದಲ್ಲಿ ಮೊದಲು ಗಾಜಿನಂತೆ ಬಣ್ಣವಿಲ್ಲದ ಪೊರೆ ಬೆಳೆದು, ನಿಧಾನಕ್ಕೆ ಕಪ್ಪಾಯಿತು. ಈಗ ಆರರಲ್ಲಿ ಅದು ಯಾವುದು ಅಂತ ನಮಗೇ ಖಚಿತವಾಗಿ ಹೇಳೋಕಾಗಲ್ಲ. ಎಲ್ಲ ಒಂದೇ ಥರ ಇದಾವಲ್ರೇ, ಏನ್ ಚೆಂದ ಅಂತ ಮೂಗು ಮುರಿದಿದ್ದ ಆಂಟಿ, ಆರೂ ಒಟ್ಟಿಗೆ ತಿರುಗುವುದನ್ನು ನೋಡೋಕೆ ಸಂಜೆ ಕಾಫಿ ಲೋಟ ಹಿಡಿದು ಬರುತ್ತಾರೆ.

ಚಿಕ್ಕ ಟ್ಯಾಂಕ್ ಇಡಬೇಕು ಅಂತಿರುವವರು ನಮ್ಮನ್ನು ಕೇಳಿದರೆ ಈಗ ಹೀಗೆ ಹೇಳುತ್ತೇವೆ. ಟ್ಯಾಂಕ್ ಖಾಲಿ ಇದೆಯಾ, ನೀರು ಗಡಸಾ? ಗಂಡು ಗಪ್ಪಿ ಅಥವಾ ಪ್ಲ್ಯಾಟಿ, ಬೇರೆ ಯೋಚನೆಯೇ ಬೇಡ. ನೀರು ಮೆದುವಾಗಿದ್ದರೆ ಚಿಕ್ಕ ಟೆಟ್ರಾಗಳ ಒಂದೇ ಗುಂಪು. ಒಂದೇ ಮೀನು ಸಾಕು ಅಂದರೆ ಫೈಟರ್, ಅದಕ್ಕೂ ಕಡಿಮೆ ಅಂದರೆ 20 ಲೀಟರ್ ಕೊಡಿ, ಟೇಬಲ್ ಮೇಲಿನ ಜಾರ್ ಬೇಡ. ಯಾವುದನ್ನೇ ಆದರೂ ಪೂರ್ತಿ ಬೆಳೆದ ಸೈಜು ಕೇಳಿಕೊಂಡು ತನ್ನಿ. ಸಾಕೋಕಾಗಲ್ಲ ಅನ್ನಿಸಿದಾಗ ಮಾತ್ರ ಪುಣ್ಯ ಬರುತ್ತೆ ಅಂತ ಕೆರೆಗೆ ಬಿಡಬೇಡಿ. ಸಕ್ಕರ್ ಹೀಗೇ ದಕ್ಷಿಣ ಭಾರತದ ಎಷ್ಟೋ ಕೆರೆ ನದಿ ಸೇರಿ, ಮೀನುಗಾರರ ಬಲೆ ಹರಿಯುತ್ತಾ, ಊರ ಮೀನಿನ ಜಾಗ ತಿನ್ನುತ್ತಾ ಕೂತಿದೆ. ಬೇರೆ ಸಾಕುವವರನ್ನು ಹುಡುಕಿ ಕೊಡಿ.

ಆ ಹುಡುಕುವ ಕೆಲಸ ಈಗ ನಮಗೂ ಬಂದಿದೆ. ಇದು ಎಂಟನೇ ಸೆಮ್. ವಿಡೋ ಟೆಟ್ರಾದ ಆಯಸ್ಸು ಮೂರರಿಂದ ಐದು ವರ್ಷ. ಆರರಲ್ಲಿ ಮೂರಕ್ಕೆ ಆಗಲೇ ವಯಸ್ಸಾಗಿದೆ, ಉಳಿದ ಮೂರಕ್ಕೆ ಇನ್ನೂ ಕಾಲವಿದೆ. ನಾವು ನಾಲ್ಕು ಜನ ನಾಲ್ಕು ಊರಿಗೆ ಹೋಗುತ್ತೇವೆ, 45 ಲೀಟರ್ ನೀರು ಬಸ್ಸಿನಲ್ಲಿ ಬರುವುದಿಲ್ಲ. ಟ್ಯಾಂಕಿನ ಪಕ್ಕದ ಗೋಡೆಗೆ ಆ ಗ್ರಾಫ್ ಶೀಟನ್ನೇ ಅಂಟಿಸಿದ್ದೇವೆ. ಗಡಸುತನ, ಪಿಎಚ್, ಭಾನುವಾರ ಎಷ್ಟು ಬಕೆಟ್, ಊರಿಗೆ ಹೋದರೆ ಒಂದು ವಾರ ಆಹಾರ ಇಲ್ಲದಿದ್ದರೂ ನಡೆಯುತ್ತೆ, ಉದ್ದ ಬಾಲದವರನ್ನು ತರಬೇಡಿ, ಎಲ್ಲ ಅದರಲ್ಲಿದೆ. ಮುಂದಿನ ವರ್ಷಕ್ಕೆ ಹಿಂದಿನ ಗೇಟಿನ ಕಡೆ ಮನೆ ಹುಡುಕುತ್ತಿರುವ ಜೂನಿಯರ್ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಬನ್ನಿ, ಅದು ನೀರು ಬದಲಿಸುವ ಹೊತ್ತು. ಬಾಡಿಗೆ, ಅಡ್ವಾನ್ಸ್ ಆಂಟಿ ಹತ್ತಿರ ಮಾತಾಡಿಕೊಳ್ಳಿ. ಒಂದು ಬಕೆಟ್ ಎತ್ತೋಕೆ ಕೈ ಕೊಟ್ಟರೆ ಉಳಿದದ್ದನ್ನು ನಾವು ಹೇಳಿಕೊಡುತ್ತೇವೆ.